ಎದೆಬಡಿತ ತಪ್ಪುವುದನ್ನು ಕಂಪ್ಯೂಟರ್ ಮೊದಲೇ ಹೇಳಬಲ್ಲದಾ? ಎಐ, ಕಂಪ್ಯೂಟರ್ ಹೃದಯ ಮತ್ತು ನಮ್ಮೂರಿನ ಇಸಿಜಿ

ಕೊಡಚಾದ್ರಿ_ಗಾಳಿ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ಅರವತ್ತು ದಾಟಿದೆ. ಆಗಾಗ ಎದೆ ಡವಡವ ಅಂತ ಹೊಡೆದುಕೊಳ್ಳುತ್ತದೆ. ಕಾಲು ಗಂಟೆ, ಅರ್ಧ ಗಂಟೆ ಇದ್ದು ತಾನಾಗೇ ನಿಲ್ಲುತ್ತದೆ. ನಮ್ಮ ಮನೆ ಟಾರು ರಸ್ತೆಯಿಂದ ತುಂಬ ಒಳಗೆ. ಗಾಡಿ ಸಿಕ್ಕಿ, ಆಸ್ಪತ್ರೆ ಮುಟ್ಟಿ, ಇಸಿಜಿ ತೆಗೆಸುವಷ್ಟರಲ್ಲಿ ಎಲ್ಲ ನಾರ್ಮಲ್. ಒಂದು ಕಡೆ ಗ್ಯಾಸ್ ಅಂದರು. ಇನ್ನೊಂದು ಕಡೆ ಟೆನ್ಷನ್ ಅಂದರು. ಅತ್ತೆಗಂತೂ ಈಗ ಆಸ್ಪತ್ರೆಗೆ ಹೋಗುವುದೇ ಬೇಡವಾಗಿದೆ.

ಬೆಂಗಳೂರಿನಲ್ಲಿರುವ ನಾದಿನಿ ಹೇಳುತ್ತಾಳೆ, ಇಸಿಜಿ ನಾರ್ಮಲ್ ಇದ್ದರೂ ಅದರೊಳಗೆ ಅಡಗಿದ ತೊಂದರೆಯನ್ನು ಎಐ ಹಿಡಿಯುತ್ತದಂತೆ. ರೋಗಿಯ ಹೃದಯವನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ಅದರ ಮೇಲೆ ಚಿಕಿತ್ಸೆ ಮಾಡಿ ನೋಡುತ್ತಾರೆ ಅಂತಲೂ ಎಲ್ಲೋ ಓದಿದೆ. ಇವೆರಡೂ ಒಂದೇನಾ? ನಮ್ಮಂಥವರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ? ತಿಳಿದವರು ಹೇಳಿ.

ಶರಾವತಿ_ತೀರ (ಸಾಗರ)

ಅಕ್ಕಾ, ಎರಡೂ ನಿಜ. ಆದರೆ ಎರಡೂ ಬೇರೆ ಬೇರೆ ಕೆಲಸ. ನಾನು ಸಂಶೋಧನೆ ಮಾಡುತ್ತಿರುವುದು ಇದರಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ನಾದಿನಿ ಹೇಳಿದ್ದು ಅಮೆರಿಕದ ಮೇಯೋ ಕ್ಲಿನಿಕ್‌ನವರು 2019ರಲ್ಲಿ ಪ್ರಕಟಿಸಿದ ಕೆಲಸ ಇರಬೇಕು. ಅವರ ಹತ್ತಿರ 1,80,922 ಜನರ ಸುಮಾರು ಆರೂವರೆ ಲಕ್ಷ ಇಸಿಜಿ ಇದ್ದವು. ಎಲ್ಲವೂ ಬಡಿತ ಸರಿಯಿದ್ದ ಹೊತ್ತಿನಲ್ಲಿ ತೆಗೆದವು. ಅವರಲ್ಲಿ ಕೆಲವರಿಗೆ ಬೇರೆ ಸಮಯದಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಚಿಕ್ಕದಾಗಿ ಎ-ಫಿಬ್) ಸಿಕ್ಕಿತ್ತು. ಅಂದರೆ ಹೃದಯದ ಮೇಲಿನ ಕೋಣೆಗಳು ಹಿಂಡುವ ಬದಲು ಸುಮ್ನೆ ಅದುರುವ ಕಾಯಿಲೆ. ಯಾವ ಇಸಿಜಿ ಪಟ್ಟಿ ಯಾರದ್ದು ಅಂತ ಹೇಳಿಕೊಟ್ಟು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಅದು ನೋಡಿರದ ರೋಗಿಗಳ ಹತ್ತು ಸೆಕೆಂಡಿನ ಒಂದೇ ಒಂದು ನಾರ್ಮಲ್ ಇಸಿಜಿ ಕೊಟ್ಟರೆ, ಕಾಯಿಲೆ ಇದ್ದವರಲ್ಲಿ ಶೇ 79ರಷ್ಟು ಜನರನ್ನು ಅದು ಗುರುತಿಸಿತು. ಹೃದಯ ತಜ್ಞರು ಅದೇ ಪಟ್ಟಿ ನೋಡಿದರೆ ಏನೂ ತೊಂದರೆ ಕಾಣುವುದಿಲ್ಲ. ನನಗೆ ಇದು ನಿಜಕ್ಕೂ ದೊಡ್ಡ ವಿಷಯ ಅನ್ನಿಸುತ್ತದೆ. ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಮುಂಚೆಯೇ ಮೇಲಿನ ಕೋಣೆಯ ಗೋಡೆ ಬದಲಾಗಿರುತ್ತದೆ, ಅದರ ಸಣ್ಣ ಗುರುತು ಗೆರೆಯಲ್ಲಿ ಉಳಿದಿರುತ್ತದೆ ಅಂತ ಊಹೆ.

ಆದರೆ ಎಐಗೆ ‘ಯಾಕೆ’ ಅನ್ನುವುದು ಗೊತ್ತಿಲ್ಲ. ಯಾವ ಗೆರೆಯ ಜೊತೆ ಯಾವ ಕಾಯಿಲೆ ಬರುತ್ತದೆ ಅನ್ನುವುದಷ್ಟೇ ಗೊತ್ತು. ಕಂಪ್ಯೂಟರ್ ಹೃದಯ ಶುರುವಾಗುವುದು ‘ಯಾಕೆ’ಯಿಂದಲೇ. ಜೀವಕೋಶದ ಗೋಡೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಹೇಗೆ ಒಳಗೆ ಹೊರಗೆ ಓಡಾಡುತ್ತವೆ ಅನ್ನುವುದನ್ನು ಸಮೀಕರಣದಲ್ಲಿ ಬರೆದು, ಅಲ್ಲಿಂದ ಬಡಿತವನ್ನು ಕಟ್ಟುತ್ತಾರೆ. ಅದರ ಬಗ್ಗೆ ಬೇಕಿದ್ದರೆ ಮುಂದೆ ಬರೆಯುತ್ತೇನೆ.

ಡಾಕ್ಟರ್_ತುಂಗಾ (ಶಿವಮೊಗ್ಗ)

ಶರಾವತಿಯವರು ಚೆನ್ನಾಗಿ ಹೇಳಿದ್ದಾರೆ. ಒಂದು ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಶೇ 79 ಅಂದಕೂಡಲೇ ಜನ ತಪ್ಪು ತಿಳಿದುಕೊಳ್ಳುತ್ತಾರೆ.

ಆ ಪರೀಕ್ಷೆ ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಸುಮಾರು 20 ಜನಕ್ಕೆ ‘ಇದೆ’ ಅಂದುಬಿಡುತ್ತದೆ. ಒಂದು ಹೋಬಳಿಯಲ್ಲಿ ಸಾವಿರ ವಯಸ್ಸಾದವರ ಇಸಿಜಿ ತೆಗೆದೆವು ಅಂತಿಟ್ಟುಕೊಳ್ಳಿ. ಉದಾಹರಣೆಗೆ ಅವರಲ್ಲಿ 50 ಜನಕ್ಕೆ ಈ ಕಾಯಿಲೆ ಇದೆ ಅನ್ನೋಣ. ಎಐ ಆ 50ರಲ್ಲಿ ಸುಮಾರು 40 ಜನರನ್ನು ಹಿಡಿಯುತ್ತದೆ. ಸರಿಯಾಗಿರುವ 950 ಜನರಲ್ಲಿ ಸುಮಾರು 195 ಜನರನ್ನೂ ಹಿಡಿಯುತ್ತದೆ. ಅಂದರೆ ಅದು ಬೆರಳು ತೋರಿಸಿದ ಆರು ಜನರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ಕಾಯಿಲೆ. ಹಾಗಂತ ಅದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಯಾರನ್ನು ಹೆಚ್ಚು ದಿನ ಗಮನಿಸಬೇಕು ಅಂತ ಆರಿಸಲು ಅದು ಒಳ್ಳೆಯದು. ಔಷಧ ಬರೆಯಲು ಅದೊಂದೇ ಸಾಲದು.

ಕೊಡಚಾದ್ರಿಯವರೇ, ನಿಮ್ಮ ಅತ್ತೆಯ ಬಗ್ಗೆ ಗ್ಯಾಸ್ ಅಂದು ಕೈಬಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಈ ಕಾಯಿಲೆ ಇದ್ದವರಿಗೆ ಲಕ್ವ ಹೊಡೆಯುವ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ತುಣುಕು ಮಿದುಳಿಗೆ ಹೋಗುತ್ತದೆ. ಕಾಯಿಲೆ ಇದೆ ಅಂತ ಖಾತ್ರಿಯಾದರೆ ರಕ್ತ ತೆಳು ಮಾಡುವ ಮಾತ್ರೆಯಿಂದ ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಹಾಗಾಗಿ ಖಾತ್ರಿ ಮಾಡಿಕೊಳ್ಳುವುದೇ ಮುಖ್ಯ. ಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಅಂತ ಒಂದು ಸಣ್ಣ ಯಂತ್ರವನ್ನು 24 ಗಂಟೆ ಮೈಮೇಲೆ ಕಟ್ಟುತ್ತಾರೆ. ಒಂದು ದಿನದಲ್ಲಿ ಸಿಗದಿದ್ದರೆ ಇನ್ನೂ ಜಾಸ್ತಿ ದಿನ ಇಡುವಂಥವೂ ಇವೆ. ಜೊತೆಗೆ ಥೈರಾಯ್ಡ್ ಪರೀಕ್ಷೆ ಮತ್ತು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಬಡಿತದ ಜೊತೆ ಎದೆನೋವು ಬಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ತಡಮಾಡದೆ 108ಕ್ಕೆ ಫೋನ್ ಮಾಡಿ.

ಇಸಿಜಿ_ಅಕ್ಕ

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ಎಐ ಬಗ್ಗೆ ಮಾತಾಡುವವರು ಯಾರೂ ನಮ್ಮ ಕೋಣೆಯ ಬಗ್ಗೆ ಮಾತಾಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಷಾಢದ ಮಳೆಯಲ್ಲಿ ನೆನೆದು ಬಂದ ಅಜ್ಜಿಯನ್ನು ಮಲಗಿಸಿ ತಕ್ಷಣ ಇಸಿಜಿ ತೆಗೆದರೆ ಚಳಿಯ ನಡುಕ ಪೂರ್ತಿ ಪಟ್ಟಿಯಲ್ಲಿ ಬರುತ್ತದೆ. ನೋಡಲು ಥೇಟ್ ಫಿಬ್ರಿಲೇಷನ್ ಥರಾನೇ ಇರುತ್ತದೆ. ಕಂಬಳಿ ಹೊದಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಬೇಕು. ಬಲಗೈ, ಎಡಗೈ ವೈರು ಅದಲು ಬದಲಾದರೆ ಒಂದನೇ ಲೀಡ್ (ಎರಡು ಕೈಗಳ ನಡುವೆ ತೆಗೆಯುವ ಗೆರೆ) ತಲೆಕೆಳಗಾಗುತ್ತದೆ. ಎದೆಯ ಮೊದಲ ಎರಡು ಲೀಡ್‌ಗಳನ್ನು ಒಂದು ಪಕ್ಕೆಲುಬು ಮೇಲೆ ಇಟ್ಟುಬಿಡುವುದು ತುಂಬ ಕಡೆ ಆಗುತ್ತದೆ. ಜೆಲ್ ಒಣಗಿದ್ದರೆ, ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟಿನ ಸದ್ದೇ ಗೆರೆಯಾಗಿ ಬರುತ್ತದೆ. ಇಂಥ ಪಟ್ಟಿಯನ್ನು ಯಾವ ಎಐಗೆ ಕೊಟ್ಟರೂ ಅದು ತಪ್ಪೇ ಹೇಳುತ್ತದೆ.

ಇನ್ನೊಂದು, ಇದು ಕೊಡಚಾದ್ರಿ ತಂಗಿಗೆ. ಇಸಿಜಿ ಕಾಗದ ಬಿಸಿಯಿಂದ ಅಚ್ಚಾಗುವಂಥದ್ದು. ಬಿಸಿಲು ಬಿದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಗೆರೆ ಮಾಸಿಹೋಗುತ್ತದೆ. ತೆಗೆದ ದಿನವೇ ನೆರಳಿಲ್ಲದೆ ನೇರ ಮೇಲಿಂದ ಫೋಟೋ ತೆಗೆದು ಇಟ್ಟುಕೊಳ್ಳಿ. ಹೆಸರು, ತಾರೀಕು, ಹೊತ್ತು ಕಾಣಬೇಕು. ಎದೆ ಹೊಡೆದುಕೊಳ್ಳುತ್ತಿದ್ದಾಗಿನ ಪಟ್ಟಿ ಒಂದು ಸಿಕ್ಕರೂ ಅದು ನಾರ್ಮಲ್ ಇದ್ದಾಗಿನ ಹತ್ತು ಪಟ್ಟಿಗಿಂತ ಬೆಲೆಯುಳ್ಳದ್ದು.

ಅಡಿಕೆ_ಮಂಡಿ (ತೀರ್ಥಹಳ್ಳಿ)

ಎಲ್ಲ ಸರಿ. ಅಮೆರಿಕದವರ ಎದೆ ನೋಡಿ ಕಲಿತದ್ದು ನಮ್ಮ ಜನಕ್ಕೆ ಹೇಗೆ ಹೊಂದುತ್ತದೆ? ನಮ್ಮ ಕಡೆ ಬಡಿತದ ತೊಂದರೆ ಅಂದರೆ ಮಣಿಪಾಲಕ್ಕೋ ಬೆಂಗಳೂರಿಗೋ ಓಡಬೇಕು. ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಇಂಥ ಕಡೆಗೆ ಕಂಪ್ಯೂಟರ್ ಹೃದಯ ಯಾವಾಗ ಬರುತ್ತದೆ? ದೊಡ್ಡ ಊರಿನವರಿಗೇ ಸೀಮಿತ ಅಲ್ವಾ ಇದೆಲ್ಲ?

ಶರಾವತಿ_ತೀರ

ನಿಮ್ಮ ಪ್ರಶ್ನೆ ನ್ಯಾಯವಾದದ್ದು ಅಣ್ಣಾ. ಅದಕ್ಕೆ ಬ್ರೆಜಿಲ್ ಉದಾಹರಣೆ ಕೊಡುತ್ತೇನೆ. ಅಲ್ಲಿ ಮಿನಾಸ್ ಜೆರೈಸ್ ಅಂತ ಒಂದು ರಾಜ್ಯ. ಕಾಫಿ ಬೆಳೆಯುವ ಗುಡ್ಡದ ನಾಡು. ಅಲ್ಲಿನ ದೂರ ವೈದ್ಯಕೀಯ ಜಾಲದಲ್ಲಿ ಸಣ್ಣ ಸಣ್ಣ ಊರುಗಳ ಆರೋಗ್ಯ ಕೇಂದ್ರದಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. 811 ಸ್ಥಳೀಯ ಆಡಳಿತಗಳ ವ್ಯಾಪ್ತಿಯಿಂದ ಹೀಗೆ ಬಂದ 20 ಲಕ್ಷಕ್ಕೂ ಜಾಸ್ತಿ ಇಸಿಜಿ ಇಟ್ಟುಕೊಂಡು ಒಂದು ಎಐಗೆ ಕಲಿಸಿದರು. ಅದರ ವರದಿ 2020ರಲ್ಲಿ ಬಂತು. ಎ-ಫಿಬ್ ಸೇರಿದಂತೆ ಆರು ಬಗೆಯ ತೊಂದರೆಗಳನ್ನು ಅದು ಗುರುತಿಸಿತು, ಹೊಸದಾಗಿ ಕೆಲಸ ಕಲಿಯುತ್ತಿರುವ ವೈದ್ಯರಿಗಿಂತ ಚೆನ್ನಾಗಿ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಿಂದಲೇ ಕಲಿಯಬೇಕು ಅಂತೇನಿಲ್ಲ. ಊರೂರಿನ ಪಟ್ಟಿಗಳು ಒಂದು ಕಡೆ ಸೇರಿದ್ದರಿಂದ ಅದು ಆಯಿತು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತಲ್ಲ, ಅದರಲ್ಲಿ ಇಸಿಜಿ ತೆಗೆದು ಎಐ ನೆರವಿನಿಂದ ಓದಿಸಿ ದೂರದ ತಜ್ಞರಿಗೆ ತೋರಿಸುವ ಏರ್ಪಾಡಿದೆ. ಅದರ ಮುಖ್ಯ ಗುರಿ ಹೃದಯಾಘಾತ. ರಕ್ತನಾಳ ಕಟ್ಟಿದಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಗ ಕೊಡುವುದು. ಬಡಿತದ ಕಾಯಿಲೆ ಬೇರೆ ವಿಷಯ. ಆದರೆ ಇಸಿಜಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವ ದಾರಿ ಒಮ್ಮೆ ಆಯಿತು ಅಂದರೆ ಅದೇ ದಾರಿಯಲ್ಲಿ ಬಡಿತದ ತೊಂದರೆಯನ್ನೂ ನೋಡಬಹುದು. ನಾವು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಡಾಕ್ಟರ್_ತುಂಗಾ

ಮಂಡಿಯವರ ಮೊದಲ ಪ್ರಶ್ನೆಗೆ ನನ್ನದೊಂದು ಮಾತು. ನಮ್ಮಲ್ಲಿ ಎಷ್ಟೋ ಜನಕ್ಕೆ ಎ-ಫಿಬ್ ಬರುವುದು ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ. ಗಂಟಲು ನೋವು, ಕೀಲು ನೋವು ಅಂತ ಬಂದು ಹೋಗುತ್ತದೆ, ವರ್ಷಗಳಾದ ಮೇಲೆ ಹೃದಯದ ಕವಾಟ ಕಿರಿದಾಗಿರುವುದು ಗೊತ್ತಾಗುತ್ತದೆ. ಇವರ ವಯಸ್ಸೂ ಕಡಿಮೆ, ಹೆಂಗಸರೇ ಜಾಸ್ತಿ. ಶ್ರೀಮಂತ ದೇಶಗಳಲ್ಲಿ ಇದು ಬಹಳ ಅಪರೂಪವಾಗಿದೆ, ಹಾಗಾಗಿ ಅಲ್ಲಿನ ಇಸಿಜಿ ರಾಶಿಯಲ್ಲಿ ಇಂಥವರು ಹೆಚ್ಚಿರುವುದಿಲ್ಲ. ಚಿಕಿತ್ಸೆಯಲ್ಲೂ ಫರಕು ಇದೆ. 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಭಾರತದ ರೋಗಿಗಳೂ ಇದ್ದರು. ಇಂಥ ಕವಾಟದ ಕಾಯಿಲೆಯ ಎ-ಫಿಬ್‌ಗೆ ಹೊಸ ಮಾತ್ರೆ ರಿವರಾಕ್ಸಬ್ಯಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆಯೇ ಮೇಲು ಅಂತ ಅದರಲ್ಲಿ ಕಂಡಿತು. ಹೊರಗಿನ ತಿಳಿವಳಿಕೆಯನ್ನು ನೇರ ತಂದು ಹಾಕಿದರೆ ಇಲ್ಲಿ ಜೀವಕ್ಕೇ ತೊಂದರೆ. ಎಐ ಇಲ್ಲಿನ ಎದೆಯಿಂದ ಕಲಿಯಲೇಬೇಕು. ಎಕೋ ಮಾಡಿಸಿ ಅಂತ ನಾನು ಹೇಳಿದ್ದೂ ಇದೇ ಕಾರಣಕ್ಕೆ.

ಗಾಜನೂರು_ಮೇಷ್ಟ್ರು

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು, ಈಗ ನಿವೃತ್ತ. ಶರಾವತಿ, ಆ ಸಮೀಕರಣಗಳ ಮಾತು ಅರ್ಧಕ್ಕೇ ನಿಲ್ಲಿಸಿದಿರಿ. ಒಂದು ಕೋಶದ ಲೆಕ್ಕ ಸರಿ. ಅದರಿಂದ ಇಡೀ ಹೃದಯದ ಬಡಿತ ತಪ್ಪುವುದು ಹೇಗೆ? ಪೂರ್ತಿ ಬರೆಯಿರಿ.

ಶರಾವತಿ_ತೀರ

ಬರೆಯುತ್ತೇನೆ ಸರ್. ಇದು ನನಗೆ ತುಂಬ ಇಷ್ಟದ ಭಾಗ.

ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಅನ್ನುವ ಸಮುದ್ರ ಜೀವಿಯ ನರದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಅಂತ ಸಮೀಕರಣ ಬರೆದರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಡೆನಿಸ್ ನೋಬಲ್ ಅದನ್ನು ಹೃದಯದ ಕೋಶಕ್ಕೆ ಹೊಂದಿಸಿದರು. ಆಗ ಆ ವಿಶ್ವವಿದ್ಯಾಲಯಕ್ಕೆ ಇದ್ದದ್ದು ಫೆರಾಂಟಿ ಮರ್ಕ್ಯುರಿ ಅನ್ನುವ ಕಂಪ್ಯೂಟರ್. ಅವರಿಗೆ ಸಿಕ್ಕ ಸಮಯ ರಾತ್ರಿ 2ರಿಂದ 4 ಗಂಟೆ. 1960ರಲ್ಲಿ ಅವರ ಲೆಕ್ಕದ ಕೋಶ ತಾನಾಗೇ ಮಿಡಿಯಿತು. ಬಡಿತವನ್ನು ಯಾರೂ ಅದರೊಳಗೆ ಬರೆದಿರಲಿಲ್ಲ, ಸೋಡಿಯಂ, ಪೊಟ್ಯಾಸಿಯಂನಂಥ ಅಯಾನುಗಳ ಓಡಾಟದಿಂದಲೇ ಅದು ಹುಟ್ಟಿತು. ಈಗ ನಾವು ಬಳಸುವ ಒಂದು ಮಾದರಿ 2011ರದ್ದು, ಓಹಾರಾ ಮತ್ತು ರೂಡಿ ಅವರದ್ದು. 100ಕ್ಕೂ ಹೆಚ್ಚು ಆರೋಗ್ಯವಂತ ಮನುಷ್ಯ ಹೃದಯಗಳ ಅಳತೆಯ ಮೇಲೆ ಕಟ್ಟಿದ್ದು. ಒಂದೊಂದು ಕೋಶಕ್ಕೂ ಸುಮಾರು 40 ಚರಗಳು, ಅಂದರೆ ಕ್ಷಣಕ್ಷಣಕ್ಕೂ ಬದಲಾಗುವ ಅಳತೆಗಳು. ಅಂಥ ಲಕ್ಷಾಂತರ ಅಂಶಗಳನ್ನು ಪಕ್ಕಪಕ್ಕ ಜೋಡಿಸಿದರೆ ಒಂದು ಹೃದಯ.

ಬಡಿತ ತಪ್ಪುವುದನ್ನು ತಿಳಿಯಲು ಬೇಸಿಗೆಯಲ್ಲಿ ಬ್ಯಾಣಕ್ಕೆ ಬಿದ್ದ ಬೆಂಕಿಯನ್ನು ನೆನೆಸಿಕೊಳ್ಳಿ. ಬೆಂಕಿಯ ಗೆರೆ ಒಣಹುಲ್ಲಿನ ಕಡೆಗೆ ಮುಂದೆ ಹೋಗುತ್ತದೆ, ಸುಟ್ಟ ಜಾಗಕ್ಕೆ ಹಿಂತಿರುಗಲಾರದು. ಅಲ್ಲಿ ಮತ್ತೆ ಹುಲ್ಲು ಬರುವ ತನಕ ಅಲ್ಲಿಗೆ ಬೆಂಕಿ ಇಲ್ಲ. ಹೃದಯದ ಕೋಶವೂ ಒಮ್ಮೆ ಮಿಡಿದ ಮೇಲೆ ಸುಮಾರು 300 ಮಿಲಿಸೆಕೆಂಡು ಸುಧಾರಿಸಿಕೊಳ್ಳಬೇಕು, ಅಲ್ಲಿಯತನಕ ಮತ್ತೆ ಮಿಡಿಯದು. ಆದ್ದರಿಂದಲೇ ಒಂದು ಅಲೆ ಹೃದಯ ದಾಟಿ ಕೊನೆ ಮುಟ್ಟಿ ಆರಿಹೋಗುತ್ತದೆ. ಆದರೆ ನಡುವೆ ಗಾಯದ ಕಲೆ ಇದ್ದರೆ? ಹಿಂದೆ ಹೃದಯಾಘಾತ ಆದವರಲ್ಲಿ ಸತ್ತ ಸ್ನಾಯು ಕಲೆಯಾಗಿ ಉಳಿದಿರುತ್ತದೆ, ಅದರ ಅಂಚಿನಲ್ಲಿ ಅಲೆ ನಿಧಾನವಾಗುತ್ತದೆ. ಆ ಕಲೆಯನ್ನು ಸುತ್ತಿ ಬರುವಷ್ಟರಲ್ಲಿ ಹೊರಟ ಜಾಗ ಸುಧಾರಿಸಿಕೊಂಡಿದ್ದರೆ ಅಲೆ ಅಲ್ಲೇ ಸುತ್ತತೊಡಗುತ್ತದೆ. ನಿಲ್ಲುವುದೇ ಇಲ್ಲ. ಹೃದಯದ ಸ್ನಾಯುವನ್ನು ಉಂಗುರದಂತೆ ಕತ್ತರಿಸಿ ಜಾರ್ಜ್ ಮೈನ್ಸ್ ಇದನ್ನು 1913ರಲ್ಲೇ ತೋರಿಸಿದ್ದರು. ಈ ಸುತ್ತುವ ಅಲೆ ಸುರುಳಿಯಾಗುತ್ತದೆ, ಸುರುಳಿ ಒಡೆದು ಚೂರಾದರೆ ಹೃದಯ ಹಿಂಡುವುದನ್ನೇ ಬಿಡುತ್ತದೆ. ದಿಢೀರ್ ಸಾವುಗಳಲ್ಲಿ ಎಷ್ಟೋ ಇದರಿಂದಲೇ.

ಇಲ್ಲಿ ನಮ್ಮ ರಾಜ್ಯದ ಕೆಲಸವೊಂದನ್ನು ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಹುಲ್ ಪಂಡಿತ್ ಅವರ ಗುಂಪು ಈ ಸುರುಳಿ ಅಲೆಗಳ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡಿದೆ. ಶಾಜಹಾನ್ ಮತ್ತು ಸಿತಭ್ರ ಸಿನ್ಹಾ ಅವರ ಜೊತೆ 2007ರಲ್ಲಿ ಅವರು ತೋರಿಸಿದ ಒಂದು ವಿಷಯ ನನ್ನ ತಲೆಯಿಂದ ಹೋಗಿಲ್ಲ. ಅದೇ ಕಲೆಯನ್ನು ಸ್ವಲ್ಪ ಆಚೆ ಸರಿಸಿದರೆ ಸಾಕು, ಒಂದು ಕಡೆ ಸುರುಳಿ ಚೂರಾಗಿಯೇ ಉಳಿಯುತ್ತದೆ, ಇನ್ನೊಂದು ಕಡೆ ಕಲೆಗೆ ಅಂಟಿಕೊಂಡು ಸುತ್ತುತ್ತದೆ, ಮತ್ತೊಂದು ಕಡೆ ಪೂರ್ತಿ ಮಾಯವಾಗುತ್ತದೆ. ಒಂದೇ ಚಿಕಿತ್ಸೆ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿರುವುದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನಾನು ನೋಡಿಲ್ಲ. ಬದುಕಿರುವ ಮನುಷ್ಯನ ಹೃದಯದಲ್ಲಿ ಕಲೆಯನ್ನು ಎತ್ತಿ ಬೇರೆ ಕಡೆ ಇಟ್ಟು ನೋಡಲು ಆಗುತ್ತದಾ? ಆಗುವುದಿಲ್ಲ. ಮಾದರಿ ಬೇಕಾಗುವುದು ಅಲ್ಲೇ.

ಜಾನ್ಸ್ ಹಾಪ್‌ಕಿನ್ಸ್‌ನ ನಟಾಲಿಯಾ ಟ್ರಯನೋವಾ ಅವರ ಗುಂಪು ಇದನ್ನೇ ರೋಗಿಗೆ ತಂದಿತು. ಎಂಆರ್‌ಐ ಚಿತ್ರದಿಂದ ಆ ರೋಗಿಯ ಕಲೆ ಎಲ್ಲಿದೆ ಅಂತ ತೆಗೆದುಕೊಂಡು, ಅವರದೇ ಹೃದಯವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅದರ ಬೇರೆ ಬೇರೆ ಜಾಗಗಳಲ್ಲಿ ಮಿಡಿತ ಕೊಟ್ಟು ಅಲೆ ಸುತ್ತುತ್ತದಾ ಅಂತ ನೋಡಿದರು. 2016ರಲ್ಲಿ 41 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಯಾರಿಗೆ ಅಪಾಯ ಹೆಚ್ಚು ಅಂತ ಹೇಳುವುದರಲ್ಲಿ ಇದು ಈಗ ಬಳಕೆಯಲ್ಲಿರುವ ಪಂಪಿಂಗ್ ಶೇಕಡಾ (ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಅನ್ನುವುದು) ಲೆಕ್ಕಕ್ಕಿಂತ ಚೆನ್ನಾಗಿತ್ತು. ಎದೆಯೊಳಗೆ ಷಾಕ್ ಯಂತ್ರ ಯಾರಿಗೆ ಕೂರಿಸಬೇಕು ಅನ್ನುವುದನ್ನು ಇವತ್ತು ಮುಖ್ಯವಾಗಿ ಆ ಶೇಕಡಾ ನೋಡಿಯೇ ತೀರ್ಮಾನಿಸುತ್ತಾರೆ. 35 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಕೂರಿಸುತ್ತಾರೆ. ಅವರಲ್ಲಿ ತುಂಬ ಜನರಿಗೆ ಆ ಯಂತ್ರ ಒಮ್ಮೆಯೂ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಕಡೆ ಶೇಕಡಾ ಚೆನ್ನಾಗಿದ್ದೂ ಸಾಯುವವರಿದ್ದಾರೆ. 41 ಅನ್ನುವುದು ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಹಾದಿ ಸರಿಯಿದೆ.

ಡಾಕ್ಟರ್_ತುಂಗಾ

ಔಷಧದ ವಿಷಯವನ್ನೂ ಹೇಳಿ. ನಮ್ಮ ಕಾಲದಲ್ಲಿ ಕ್ಯಾಸ್ಟ್ ಅಧ್ಯಯನವನ್ನು ಮರೆಯದಂತೆ ಪಾಠ ಮಾಡುತ್ತಿದ್ದರು. ಹೃದಯಾಘಾತ ಆದವರಲ್ಲಿ ನಡುನಡುವೆ ಬರುವ ಹೆಚ್ಚುವರಿ ಬಡಿತಗಳನ್ನು ಮಾತ್ರೆ ಕೊಟ್ಟು ಅಡಗಿಸಿದರು. ಇಸಿಜಿ ನೋಡಲು ಚೆನ್ನಾಗಿ ಬಂತು. ಆದರೆ 1989ರಲ್ಲಿ ಲೆಕ್ಕ ಹಾಕಿದರೆ, ಫ್ಲೆಕೈನೈಡ್ ಮತ್ತು ಎನ್‌ಕೈನೈಡ್ ತೆಗೆದುಕೊಂಡವರೇ ಬರೀ ಸಕ್ಕರೆ ಗುಳಿಗೆ ತೆಗೆದುಕೊಂಡವರಿಗಿಂತ ಜಾಸ್ತಿ ಸತ್ತಿದ್ದರು. ಗೆರೆ ಚಂದ ಆಯಿತು ಅಂತ ನಂಬಿ ಎಷ್ಟು ಜೀವ ಹೋಯಿತು! ಎಐ ಬಗ್ಗೆ ನನ್ನ ಎಚ್ಚರಿಕೆ ಬಂದದ್ದೂ ಇಲ್ಲಿಂದಲೇ.

ಶರಾವತಿ_ತೀರ

ಹೌದು ಡಾಕ್ಟ್ರೇ. ಈ ವಿಷಯದಲ್ಲಿ ಮಾದರಿಗಳಿಂದ ಈಗಾಗಲೇ ಉಪಯೋಗ ಆಗುತ್ತಿದೆ. ಕೆಲವು ಮಾತ್ರೆಗಳು ಹೃದಯಕ್ಕೆ ಸಂಬಂಧವೇ ಇಲ್ಲದಿದ್ದರೂ ಕೋಶದ ಒಂದು ಪೊಟ್ಯಾಸಿಯಂ ದಾರಿಯನ್ನು ಮುಚ್ಚಿಬಿಡುತ್ತವೆ, ಅದರಿಂದ ಬಡಿತ ತಪ್ಪಬಹುದು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡೀನ್, ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಸಿಸಾಪ್ರೈಡ್ ಎರಡೂ ಅಮೆರಿಕದ ಮಾರುಕಟ್ಟೆಯಿಂದ ಹೋದದ್ದು ಇದಕ್ಕೇ. 2013ರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತು ಇತರರು ಸೇರಿ, ಹೊಸ ಔಷಧದ ಈ ಅಪಾಯವನ್ನು ಕಂಪ್ಯೂಟರ್ ಕೋಶದ ಮೇಲೂ ಪರೀಕ್ಷಿಸುವ ಕ್ರಮ ರೂಪಿಸುತ್ತಾ ಬಂದರು. ಆಕ್ಸ್‌ಫರ್ಡ್ ಗುಂಪು 2017ರಲ್ಲಿ 62 ಔಷಧಗಳನ್ನು ಹೀಗೆ ನೋಡಿದಾಗ ಶೇ 89ರಷ್ಟು ಸರಿ ಬಂತು. ಹೋಲಿಕೆಗೆ ಇಟ್ಟುಕೊಂಡ ಪ್ರಾಣಿ ಪರೀಕ್ಷೆಗಿಂತ ಅದು ಮೇಲು.

ಎಐ ಮತ್ತು ಮಾದರಿ ಎರಡೂ ಸೇರಬೇಕು ಅಂತ ನಾನು ಹೇಳುವುದು ಇದಕ್ಕೇ. ಎಐ ‘ಇವರಿಗೆ ಅಪಾಯ’ ಅನ್ನುತ್ತದೆ. ಆ ಅಪಾಯ ಎಲ್ಲಿಂದ, ಯಾವ ಮಾತ್ರೆ ಕೊಟ್ಟರೆ ಹೆಚ್ಚಾಗುತ್ತದೆ, ಹೃದಯದ ಒಳಗೆ ಯಾವ ಸಣ್ಣ ಜಾಗವನ್ನು ಸುಟ್ಟರೆ (ಅದೂ ಒಂದು ಚಿಕಿತ್ಸೆ) ಅಲೆ ನಿಲ್ಲುತ್ತದೆ ಅಂತ ಮಾದರಿಯನ್ನು ಕೇಳಬೇಕು.

ಕೊಡಚಾದ್ರಿ_ಗಾಳಿ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಡಾಕ್ಟ್ರೇ, ಹೋಲ್ಟರ್‌ಗೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಅತ್ತೆಯನ್ನು ಒಪ್ಪಿಸಿದ್ದೇನೆ. ಅಲ್ಲಿಯತನಕ ನಾದಿನಿ ತನ್ನ ವಾಚು ಕಳಿಸುತ್ತೇನೆ ಅನ್ನುತ್ತಾಳೆ. ಅದನ್ನು ನಂಬಬಹುದಾ?

ಡಾಕ್ಟರ್_ತುಂಗಾ

ಕಟ್ಟಿ, ತೊಂದರೆ ಇಲ್ಲ. ಆಪಲ್ ವಾಚ್ ಮೇಲೆ 2019ರಲ್ಲಿ ಬಂದ ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಎಚ್ಚರಿಕೆ ಬಂದದ್ದು ಶೇ 0.52 ಜನಕ್ಕೆ. ಆಮೇಲೆ ಎದೆಗೆ ಇಸಿಜಿ ದಾಖಲಿಸುವ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದವರಲ್ಲಿ ಶೇ 34 ಜನಕ್ಕೆ ಎ-ಫಿಬ್ ಸಿಕ್ಕಿತು. ಉಳಿದವರಿಗೆ ಇಲ್ಲವೇ ಇಲ್ಲ ಅಂತಲ್ಲ, ಅದು ಬಂದು ಹೋಗುವ ಕಾಯಿಲೆ. ನಿಮ್ಮ ವಾಚಿನಲ್ಲಿ ಇಸಿಜಿ ತೆಗೆಯುವ ಸೌಲಭ್ಯ ಇದ್ದರೆ, ಬಡಿತ ಶುರುವಾದಾಗ ಅತ್ತೆ ಕೂತುಕೊಂಡು ಕೈ ಅಲುಗಾಡಿಸದೆ 30 ಸೆಕೆಂಡು ಬೆರಳಿಡಲಿ. ಆ ಫೈಲು ತನ್ನಿ. ವಾಚು ‘ಸರಿ ಇದೆ’ ಅಂದರೂ ಹೋಲ್ಟರ್ ಬಿಡಬೇಡಿ. ವಾಚಿಲ್ಲದ ಮನೆಯವರು ನಾಡಿ ಹಿಡಿದು, ಬಡಿತ ಒಂದೇ ಸಮ ಇದೆಯಾ ಅಡ್ಡಾದಿಡ್ಡಿ ಇದೆಯಾ ಅಂತ ಬರೆದಿಟ್ಟರೂ ನಮಗೆ ಸಹಾಯ.

ಅಡಿಕೆ_ಮಂಡಿ

ಊರೂರಿನ ಇಸಿಜಿ ಸೇರಿಸುವ ಮಾತು ಒಪ್ಪಿದೆ. ಆದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾರಿಗೆ ಮಾರುತ್ತಾರೆ ಅಂತ ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು. ಅದೂ ಕನ್ನಡದಲ್ಲಿ.

ಇಸಿಜಿ_ಅಕ್ಕ

ನೂರಕ್ಕೆ ನೂರು. ಒಪ್ಪಿಗೆ ಕಾಗದ ಓದಿ ಹೇಳುವಷ್ಟು ಹೊತ್ತನ್ನೂ ನಮಗೆ ಕೊಡಬೇಕು.

ಗಾಜನೂರು_ಮೇಷ್ಟ್ರು

ಶರಾವತಿ, ಆ ಸುರುಳಿ ಅಲೆಯನ್ನು ನಮ್ಮ ಬಿಎಸ್‌ಸಿ ಮಕ್ಕಳ ಕೈಲಿ ಮಾಡಿಸಬಹುದಾ? ಕಾಲೇಜಿನಲ್ಲಿರುವುದು ಸಾಧಾರಣ ಕಂಪ್ಯೂಟರ್‌ಗಳು.

ಶರಾವತಿ_ತೀರ

ಖಂಡಿತ ಆಗುತ್ತದೆ ಸರ್. 40 ಚರಗಳ ಮಾದರಿ ಬೇಡ. ಫಿಟ್ಜ್‌ಹ್ಯೂ-ನಗುಮೊ ಅಂತ 1960ರ ದಶಕದ್ದು ಇದೆ, ಎರಡೇ ಸಮೀಕರಣ. ಒಂದು ವೋಲ್ಟೇಜಿಗೆ, ಒಂದು ಸುಧಾರಿಸಿಕೊಳ್ಳುವುದಕ್ಕೆ. ಪೈಥಾನಿನಲ್ಲಿ 200×200 ಮನೆಗಳ ಚೌಕ ಮಾಡಿ. ಎಡ ಅಂಚಿನಿಂದ ಒಂದು ನೇರ ಅಲೆ ಬಿಡಿ. ಅದು ಅರ್ಧ ದಾರಿ ಬಂದಾಗ ಚೌಕದ ಮೇಲಿನ ಅರ್ಧದ ವೋಲ್ಟೇಜನ್ನು ಮೊದಲಿನ ಸ್ಥಿತಿಗೆ ತಂದುಬಿಡಿ. ತುಂಡಾದ ತುದಿ ತಾನಾಗೇ ಸುರುಳಿ ಸುತ್ತುತ್ತದೆ. ಆಮೇಲೆ ನಡುವೆ ಒಂದು ಸಣ್ಣ ಚೌಕದಲ್ಲಿ ಅಲೆ ಹರಡದಂತೆ ಮಾಡಿ, ಅದೇ ಕಲೆ. ಅದನ್ನು ಸ್ವಲ್ಪ ಸ್ವಲ್ಪ ಸರಿಸಿ ಏನಾಗುತ್ತದೆ ಅಂತ ಮಕ್ಕಳೇ ಬರೆದಿಟ್ಟುಕೊಳ್ಳಲಿ. ನಿಜವಾದ ಇಸಿಜಿ ಬೇಕಿದ್ದರೆ ಎಂಐಟಿ-ಬಿಐಎಚ್ ಅನ್ನುವ ಸಂಗ್ರಹ ಅಂತರ್ಜಾಲ ತಾಣ ಫಿಸಿಯೋನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಧರ್ಧ ಗಂಟೆಯ 48 ದಾಖಲೆಗಳು, ಒಂದೊಂದು ಬಡಿತಕ್ಕೂ ತಜ್ಞರು ಗುರುತು ಹಾಕಿದ್ದಾರೆ. ಕೋಡ್ ಬರೆಯುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.